ಮೂಲಿಕೆಗಳ ವಿದ್ವಾಂಸ ಇಬ್ನುಲ್ ಬೈತಾರ್

ಯಾರೋ ಹೇಳಿದ ನಾಟಿ ಮದ್ದನ್ನು ವಿಚಾರಿಸದೆ ಮಗುವಿಗೆ ಕುಡಿಸುವ ಮುನ್ನ ಇಬ್ನುಲ್ ಬೈತಾರ್‌ರನ್ನು ನೆನಪಿಸಿಕೊಳ್ಳಿ. 12ನೇ ಶತಮಾನದ ಕೊನೆಯಲ್ಲಿ ಸ್ಪೇನಿನ ಮಲಾಗದಲ್ಲಿ ಹುಟ್ಟಿದ ಇವರು, ಗುರು ಅಬುಲ್ ಅಬ್ಬಾಸ್ ಅನ್ನಬಾತಿಯವರೊಡನೆ ಸೆವಿಲ್ಲಾದ ಸುತ್ತ ಗಿಡಗಳನ್ನು ಸಂಗ್ರಹಿಸಿದರು. ಬಳಿಕ ಉತ್ತರ ಆಫ್ರಿಕಾದ ಮೂಲಕ ಪೂರ್ವಕ್ಕೆ ಬಂದರು. ಈಜಿಪ್ಟಿನ ಸುಲ್ತಾನ್ ಅಲ್ ಕಾಮಿಲ್ ಇವರನ್ನು ಮೂಲಿಕೆ ತಜ್ಞರ ಮುಖ್ಯಸ್ಥರನ್ನಾಗಿ ನೇಮಿಸಿದರು. ದಮಾಸ್ಕಸ್ ಬಳಿ ಶಿಷ್ಯ ಇಬ್ನು ಅಬೀ ಉಸೈಬಿಅರಿಗೆ ಗಿಡ ಬೆಳೆಯುವ ಸ್ಥಳದಲ್ಲೇ ಪಾಠ ಹೇಳಿದರು.

ಸುಮಾರು 1400 ಔಷಧಿ, ಆಹಾರಗಳನ್ನು ವಿವರಿಸುವ ತಮ್ಮ ‘ಅಲ್ ಜಾಮಿಅ್’ ಗ್ರಂಥದಲ್ಲಿ ಯಾವ ಮಾತು ಯಾರದೆಂದು ಹೆಸರಿಸಿದರು. ಹಿಂದಿನವರ ತಪ್ಪುಗಳನ್ನು ತಿದ್ದಿದರು. 1248ರಲ್ಲಿ ದಮಾಸ್ಕಸ್‌ನಲ್ಲಿ ನಿಧನರಾದರು.

ಮೂಲಿಕೆಗಳು ಅಲ್ಲಾಹನ ಅನುಗ್ರಹ. ಅವುಗಳ ಜ್ಞಾನ ಅಮಾನತ್. ತಿಳಿದುದನ್ನಷ್ಟೇ ಹೇಳಿ, ತಿಳಿಯದಿದ್ದರೆ ಬಲ್ಲವರನ್ನು ಕೇಳಿ.