ಸಮೀಕರಣ ಬರೆದು ಸರ್ಕ್ಯೂಟ್ ಕಂಡವನು: ಕ್ಲಾಡ್ ಶಾನನ್

ಲ್ಯಾಬ್‌ನಲ್ಲಿ ಕೂತು ಓಪನ್‌ಸಿಎಲ್‌ನಲ್ಲಿ ಒಂದು ಕರ್ನಲ್ ಬರೀತೀವಿ. ಟೂಲ್‌ಗೆ ಕೊಟ್ಟು ಊಟ ಮುಗಿಸಿ ಬರೋ ಹೊತ್ತಿಗೆ, ಅದೃಷ್ಟ ಚೆನ್ನಾಗಿದ್ರೆ, ಅದು ಎಫ್‌ಪಿಜಿಎ ಮೇಲೆ ಕೂರುವ ಆಕ್ಸಿಲರೇಟರ್ ಆಗಿರುತ್ತೆ. ಬರೆದ ಅಕ್ಷರ ಹಾರ್ಡ್‌ವೇರ್ ಆಗೋದು ಹೇಗೆ ಅಂತ ಹಿಂದಕ್ಕೆ ಹುಡುಕುತ್ತಾ ಹೋದ್ರೆ ನಾವು ತಲುಪೋದು 1937ಕ್ಕೆ, 21 ವರ್ಷದ ಹುಡುಗನೊಬ್ಬನ ಮಾಸ್ಟರ್ಸ್ ಥೀಸಿಸ್‌ಗೆ.

ಕ್ಲಾಡ್ ಶಾನನ್ ಹುಟ್ಟಿದ್ದು 1916ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಬೆಳೆದದ್ದು ಗೇಲಾರ್ಡ್ ಎಂಬ ಸಣ್ಣ ಊರಲ್ಲಿ. ಅಲ್ಲಿ ಹೊಲದ ಮುಳ್ಳುತಂತಿ ಬೇಲಿಯನ್ನೇ ಲೈನ್ ಮಾಡಿಕೊಂಡು ಗೆಳೆಯನ ಮನೆಗೆ ಟೆಲಿಗ್ರಾಫ್ ಎಳೆದಿದ್ದ. 1936ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮತ್ತು ಗಣಿತ, ಎರಡರಲ್ಲೂ ಡಿಗ್ರಿ ಪಡೆದ. ಜಾರ್ಜ್ ಬೂಲ್‌ನ ತರ್ಕದ ಬೀಜಗಣಿತ ಅವನ ಕಿವಿಗೆ ಬಿದ್ದದ್ದೂ ಅಲ್ಲೇ.

ನೋಟಿಸ್ ಬೋರ್ಡ್‌ನಲ್ಲಿ ಕಂಡ ಒಂದು ಕೆಲಸಕ್ಕೆ ಅರ್ಜಿ ಹಾಕಿ ಎಂಐಟಿ ಸೇರಿದ. ವ್ಯಾನಿವರ್ ಬುಷ್ ಅವರ ಡಿಫರೆನ್ಷಿಯಲ್ ಅನಲೈಸರ್ ನೋಡಿಕೊಳ್ಳೋ ಕೆಲಸ ಅದು. ಶಾಫ್ಟು, ಗೇರು, ಚಕ್ರಗಳ ದೊಡ್ಡ ಯಂತ್ರ. ಹೊಸ ಸಮೀಕರಣ ಬಂದ್ರೆ ಶಾಫ್ಟುಗಳನ್ನೇ ಬಿಚ್ಚಿ ಬೇರೆ ರೀತಿ ಜೋಡಿಸಬೇಕು. ಅಂದ್ರೆ ಪ್ರೋಗ್ರಾಂ ಬದಲಾದ್ರೆ ಹಾರ್ಡ್‌ವೇರೇ ಬದಲಾಗಬೇಕು. ಅದನ್ನು ನಿಯಂತ್ರಿಸಲು ಸುಮಾರು ನೂರು ರಿಲೇಗಳ ಸರ್ಕ್ಯೂಟ್ ಇತ್ತು. ಆಗೆಲ್ಲ ಇಂಥ ಸರ್ಕ್ಯೂಟ್ ಕಟ್ಟೋದು ಅನುಭವ, ಅಂದಾಜಿನ ಮೇಲೆ.

ರಿಲೇ ಒಂದೋ ತೆರೆದಿರುತ್ತೆ, ಇಲ್ಲಾ ಮುಚ್ಚಿರುತ್ತೆ. ಬೂಲ್‌ನ ಬೀಜಗಣಿತದಲ್ಲೂ ಇರೋದು ಎರಡೇ ಬೆಲೆ. ಶಾನನ್ ಇವೆರಡೂ ಒಂದೇ ಎಂದು ತೋರಿಸಿದ. ಅವನ ಲೆಕ್ಕದಲ್ಲಿ ತೆರೆದ ಸರ್ಕ್ಯೂಟ್ 1, ಮುಚ್ಚಿದ್ದು 0. ಹಾಗಾಗಿ ಸಂಕಲನ ಅಂದ್ರೆ ಸೀರೀಸ್, ಗುಣಾಕಾರ ಅಂದ್ರೆ ಪ್ಯಾರಲಲ್. ನಾವು ಇವತ್ತು ಕಲಿಯೋದಕ್ಕೆ ಪೂರಾ ಉಲ್ಟಾ! ಬೇಕಾದ ಕೆಲಸವನ್ನು ಸಮೀಕರಣವಾಗಿ ಬರಿ, ಕಾಗದದ ಮೇಲೇ ಚಿಕ್ಕದು ಮಾಡು, ಆಮೇಲೆ ಅದರಂತೆ ತಂತಿ ಜೋಡಿಸು: ಇದು ಅವನ ವಿಧಾನ. ಬೈನರಿ ಆಡರ್ ಒಂದನ್ನೂ ಅದೇ ಥೀಸಿಸ್‌ನಲ್ಲಿ ಹೀಗೆ ಬಿಡಿಸಿ ತೋರಿಸಿದ್ದ. ಇವತ್ತಿನ ಸಿಂಥೆಸಿಸ್ ಟೂಲ್‌ಗಳ ಬುಡ ಇರೋದು ಇಲ್ಲೇ.

1941ರಲ್ಲಿ ಬೆಲ್ ಲ್ಯಾಬ್ಸ್ ಸೇರಿದ. 1948ರ ಮಾಹಿತಿ ಸಿದ್ಧಾಂತ ಅವನನ್ನು ಜಗತ್ಪ್ರಸಿದ್ಧನನ್ನಾಗಿ ಮಾಡಿತು. ಕಾರಿಡಾರಿನಲ್ಲಿ ಒಂಟಿಚಕ್ರದ ಸೈಕಲ್ ಓಡಿಸ್ತಿದ್ದ. ದಾರಿ ಹುಡುಕಿ ನೆನಪಿಟ್ಟುಕೊಳ್ಳುವ ಥೀಸಿಯಸ್ ಎಂಬ ಯಂತ್ರದ ಇಲಿ ಮಾಡಿದ. ಇಲಿಯ ಬುದ್ಧಿಯೆಲ್ಲ ಇದ್ದದ್ದು ಹಲಗೆಯ ಕೆಳಗಿನ ರಿಲೇಗಳಲ್ಲಿ.

ಈ ಖ್ಯಾತಿಯ ನಡುವೆ ನಾವು ಮರೆಯೋದು ಅವನ 1949ರ ಇನ್ನೊಂದು ಲೇಖನವನ್ನು. ಎನ್ ಇನ್‌ಪುಟ್‌ಗಳ ಫಂಕ್ಷನ್‌ಗಳಲ್ಲಿ ಬಹುಪಾಲು ಎಲ್ಲಕ್ಕೂ, ಎನ್ ದೊಡ್ಡದಾದಂತೆ, ಸುಮಾರು 2ರ ಘಾತ ಎನ್ ಭಾಗಿಸು ಎನ್ ನಷ್ಟು ಕಾಂಟ್ಯಾಕ್ಟ್ ಬೇಕೇ ಬೇಕು ಅಂತ ಅದರಲ್ಲಿ ಸಾಧಿಸಿದ. 20 ಇನ್‌ಪುಟ್ ಇದ್ರೆ ಲೆಕ್ಕ 52,000 ದಾಟುತ್ತೆ. ಎಂಥ ಜಾಣ ಬಂದ್ರೂ ಇದನ್ನು ತಪ್ಪಿಸೋಕಾಗಲ್ಲ. ಆಡರ್‌ನಂಥವು ಅಗ್ಗವಾಗಿ ಆಗೋದು ಅವುಗಳೊಳಗೆ ಒಂದು ಕ್ರಮ ಇರೋದ್ರಿಂದ.

ನಮ್ಮ ಕೆಲಸಕ್ಕೆ ಇದು ನೇರವಾಗಿ ತಾಗುತ್ತೆ. ಸರ್ಕ್ಯೂಟ್‌ಗೆ ಒಂದಾದ ಮೇಲೊಂದು ಅನ್ನೋದು ಸಹಜವಲ್ಲ. ಎಲ್ಲ ಗೇಟ್‌ಗಳೂ ಒಟ್ಟಿಗೇ ಕೆಲಸ ಮಾಡ್ತಿರುತ್ತವೆ. ಅದಕ್ಕೇ ಪ್ಯಾರಲಲ್ ಪ್ರೋಗ್ರಾಂ ಹಾರ್ಡ್‌ವೇರ್‌ಗೆ ಚೆನ್ನಾಗಿ ಇಳಿಯೋದು. ಯಾವ ಕೆಲಸ ಯಾವುದಕ್ಕೆ ಕಾಯಬೇಕಿಲ್ಲ ಅಂತ ಓಪನ್‌ಸಿಎಲ್‌ನಲ್ಲಿ ನಾವೇ ಹೇಳಿರ್ತೀವಿ, ಟೂಲ್ ಅದನ್ನು ಪೈಪ್‌ಲೈನ್ ಮಾಡುತ್ತೆ ಅಥವಾ ಪ್ರತಿಗಳನ್ನು ಪಕ್ಕಪಕ್ಕ ಇಡುತ್ತೆ. ಸುಮ್ಮನೆ ಲೂಪ್ ಬರೆದ್ರೆ ಅದು ಊಹೆ ಮಾಡಬೇಕು. ಅನುಮಾನ ಬಂದ್ರೆ ಸರತಿಯಲ್ಲೇ ನಿಲ್ಲಿಸುತ್ತೆ. ಪ್ರತಿ ಪ್ರತಿಗೂ ಚಿಪ್‌ನಲ್ಲಿ ಜಾಗ ತೆರಬೇಕು.

ಕೊನೆಯ ವರ್ಷಗಳಲ್ಲಿ ಶಾನನ್‌ಗೆ ಆಲ್ಝೈಮರ್ ಕಾಯಿಲೆ. ತನ್ನ ಕೆಲಸದಿಂದ ಬೆಳೆದ ಡಿಜಿಟಲ್ ಲೋಕದ ಅರಿವೇ ಇಲ್ಲದೆ 2001ರ ಫೆಬ್ರವರಿ 24ರಂದು ತೀರಿಕೊಂಡ.

ಮುಂದಿನ ಸಲ ಡಿಸೈನ್ ಚಿಪ್‌ನಲ್ಲಿ ಹಿಡಿಸಲ್ಲ ಅಂತ ಟೂಲ್ ಕೈ ಎತ್ತಿದಾಗ, ಅದನ್ನು ಬೈಯೋಕೆ ಮುಂಚೆ ನಮ್ಮ ಕರ್ನಲ್ ತೆಗೆದು ನೋಡೋಣ. ಕಾಗದದ ಮೇಲೆ ಚಿಕ್ಕದು ಮಾಡೋ ಶಾನನ್‌ನ ಆ ಹೆಜ್ಜೆಯನ್ನು ಬಹುಶಃ ನಾವೇ ಬಿಟ್ಟಿರ್ತೀವಿ.