ಊಟ ಹಾಕಿದ್ದೂ ಹೋರಾಟವೇ

ಊರ್ಡಿಗೆರೆ ಬಸ್ಸಲ್ಲಿ ಕಾಲೇಜಿಗೆ ಬರುವ ನಾವು ಸ್ವಾತಂತ್ರ್ಯ ಹೋರಾಟ ಅಂದ್ರೆ ಭಾಷಣ, ಲಾಠಿ, ಜೈಲು ಅಷ್ಟೇ ಅಂದ್ಕೊಂಡಿದ್ವಿ. ಉಮಾಬಾಯಿ ಕುಂದಾಪುರ ಅವರ ಬದುಕು ಓದಿದ ಮೇಲೆ ಲೆಕ್ಕ ತಪ್ಪಿತ್ತು ಅಂತ ಗೊತ್ತಾಯ್ತು.

1892ರಲ್ಲಿ ಮಂಗಳೂರಲ್ಲಿ ಹುಟ್ಟಿದವರು. ಗಂಡ ತೀರಿಕೊಂಡ ಮೇಲೆ ಮಾವನ ಜೊತೆ ಹುಬ್ಬಳ್ಳಿಗೆ ಬಂದು ಭಗಿನಿ ಮಂಡಲ ನಡೆಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸೇರಿಸಿದರು. 1932ರಲ್ಲಿ ಯರವಾಡ ಜೈಲು. ಹೊರಬರುವಷ್ಟರಲ್ಲಿ ಮಾವ ಇರಲಿಲ್ಲ. ಪ್ರೆಸ್ ಜಪ್ತಿ, ಶಾಲೆಗೆ ಬೀಗ.

ಆದರೂ ಹೆದರಲಿಲ್ಲ. 1942ರಲ್ಲಿ ಭೂಗತ ಹೋರಾಟಗಾರರು ರಾತ್ರಿ ಅವರ ಪುಟ್ಟ ಮನೆಗೆ ಬರೋರು. ಉಮಾಬಾಯಿ ಊಟ ಹಾಕಿ, ಕೈಲಾದಷ್ಟು ದುಡ್ಡು ಕೊಟ್ಟು ಕಳಿಸೋರು. ಗೊತ್ತಾದರೆ ಮತ್ತೆ ಜೈಲೇ.

ಸ್ವಾತಂತ್ರ್ಯ ಬಂದ ಮೇಲೆ ಪಿಂಚಣಿಯನ್ನೂ ಬೇಡ ಅಂದರು. 1992ರಲ್ಲಿ ತೀರಿಕೊಂಡರು. ಹೆದರಿಕೆಯ ಕಾಲದಲ್ಲಿ ಬಾಗಿಲು ತೆಗೆಯೋದೂ ದೊಡ್ಡ ಕೆಲಸವೇ, ಅಲ್ವಾ?