ಸ್ಕೂಬಾ ಡೈವರ್ ಬೆನ್ನಿಗಿರುವುದು ಆಕ್ಸಿಜನ್ ಸಿಲಿಂಡರಾ? ಝಾಕ್ ಕೂಸ್ತೊ ಸಾವಿನಿಂದ ಪಾರಾದ ಕಥೆ

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ವಿಡಿಯೋ ನಿಮಗೂ ವಾಟ್ಸ್‌ಆ್ಯಪ್‌ನಲ್ಲಿ ಬಂದಿರಬಹುದು. ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ಕಡಲಿಗೆ ಇಳಿದರು ಎಂದು ಇಂಥ ವಿಡಿಯೋಗಳ ಜೊತೆ ಬರೆದಿರುವುದು ಮಾಮೂಲು. ಆದರೆ ಆ ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ ಇರುವುದು ನೀವು ಈಗ ಉಸಿರಾಡುತ್ತಿರುವ ಗಾಳಿಯೇ: ಸುಮಾರು ಶೇ 21 ಆಕ್ಸಿಜನ್, ಶೇ 78 ನೈಟ್ರೋಜನ್. ತರಬೇತಿ ಪಡೆದ ಕೆಲವರು ಶೇ 32 ಅಥವಾ 36ರಷ್ಟು ಆಕ್ಸಿಜನ್ ಇರುವ ನೈಟ್ರಾಕ್ಸ್ ಬಳಸುತ್ತಾರೆ, ಅದೂ ಶುದ್ಧ ಆಕ್ಸಿಜನ್ ಅಲ್ಲ. ಶುದ್ಧ ಆಕ್ಸಿಜನ್ ಉಸಿರಾಡುತ್ತಾ ಆಳಕ್ಕೆ ಹೋದರೆ ಏನಾಗುತ್ತದೆ ಎಂಬುದನ್ನು ತಮ್ಮ ಮೈಮೇಲೇ ಕಂಡುಕೊಂಡವರು ಫ್ರಾನ್ಸಿನ ಝಾಕ್ ಕೂಸ್ತೊ. ಅದೂ ಎರಡು ಸಲ.

ಕೂಸ್ತೊ ಹುಟ್ಟಿದ್ದು 1910ರ ಜೂನ್ 11ರಂದು, ಬೋರ್ಡೊ ನಗರದ ಸಮೀಪದ ಸೇಂಟ್ ಆಂದ್ರೆ ದ ಕ್ಯೂಬ್ಜಾಕ್ ಎಂಬ ಊರಿನಲ್ಲಿ. 1930ರಲ್ಲಿ ನೌಕಾಪಡೆಯ ಶಾಲೆ ಸೇರಿದರು. ವಿಮಾನ ಹಾರಿಸಬೇಕೆಂಬ ಆಸೆಯಿತ್ತು. 1936ರಲ್ಲಿ ನಡೆದ ಕಾರು ಅಪಘಾತದಲ್ಲಿ ಕೈಗಳು ಜಖಂಗೊಂಡು ಆ ಆಸೆ ಅಲ್ಲಿಗೇ ಮುಗಿಯಿತು. ಕೈಗೆ ಬಲ ಬರಲೆಂದು ಟೂಲೋನ್ ತೀರದಲ್ಲಿ ಈಜತೊಡಗಿದರು. ಅಲ್ಲಿ ಗೆಳೆಯ ಫಿಲಿಪ್ ಟೈಯೆ ಕೊಟ್ಟ ಈಜುಕನ್ನಡಕ ಹಾಕಿಕೊಂಡು ನೀರಿನೊಳಗೆ ನೋಡಿದ್ದೇ ತಡ, ಅಲ್ಲೇ ಹೆಚ್ಚು ಹೊತ್ತು ಇರುವ ದಾರಿ ಹುಡುಕಲು ಶುರುಮಾಡಿದರು.

ಅವರು ಮೊದಲು ನೆಚ್ಚಿದ್ದು ಶುದ್ಧ ಆಕ್ಸಿಜನ್ನನ್ನೇ. ಬಿಟ್ಟ ಉಸಿರನ್ನೇ ಶುದ್ಧಗೊಳಿಸಿ ಮತ್ತೆ ಎಳೆದುಕೊಳ್ಳುವ ಒಂದು ಉಪಕರಣವನ್ನು ಮೋಟರ್‌ಸೈಕಲ್ ಟ್ಯೂಬ್ ಮುಂತಾದ ಸಾಮಾನುಗಳಿಂದ ಕಟ್ಟಿಕೊಂಡರು. ಸುಮಾರು 14 ಮೀಟರ್ ಆಳದಲ್ಲಿ ಮೈಯೆಲ್ಲ ಸೆಟೆದು ಫಿಟ್ಸ್ ಬಂತು. ಹೇಗೋ ಸೊಂಟದ ತೂಕ ಕಳಚಿ ಬಿಟ್ಟಿದ್ದರಿಂದ ಪ್ರಜ್ಞೆಯಿಲ್ಲದ ದೇಹ ಮೇಲಕ್ಕೆ ತೇಲಿತು. ಉಪಕರಣದಲ್ಲೇ ದೋಷ ಎಂದುಕೊಂಡು ಇನ್ನೊಂದನ್ನು ಮಾಡಿಸಿ 1939ರಲ್ಲಿ ಮತ್ತೆ ಇಳಿದರು. ಮತ್ತೆ ಅದೇ ಆಳ, ಅದೇ ಫಿಟ್ಸ್.

ದೋಷ ಉಪಕರಣದ್ದಲ್ಲ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ದೇಹದ ಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. 14 ಮೀಟರ್‌ನಲ್ಲಿ ಒಟ್ಟು ಒತ್ತಡ ನೆಲದ ಮೇಲಿನದರ ಸುಮಾರು 2.4 ಪಟ್ಟು. ಅಷ್ಟು ಒತ್ತಡದ ಶುದ್ಧ ಆಕ್ಸಿಜನ್ ಮಿದುಳು ಮತ್ತು ನರಗಳಿಗೆ ವಿಷ. ಡೈವರ್‌ಗಳು ಈಗ ಆಕ್ಸಿಜನ್ ಒತ್ತಡಕ್ಕೆ ಹಾಕಿಕೊಂಡಿರುವ ಗರಿಷ್ಠ ಮಿತಿ 1.6, ಶುದ್ಧ ಆಕ್ಸಿಜನ್ ಆದರೆ 6 ಮೀಟರ್‌ನಲ್ಲೇ ಆ ಗೆರೆ ಮುಟ್ಟುತ್ತದೆ. ಆಸ್ಪತ್ರೆಯಲ್ಲಿ ಜೀವ ಉಳಿಸುವ ಗ್ಯಾಸ್ ಕಡಲಲ್ಲಿ ಜೀವ ತೆಗೆಯುವುದು ಹೀಗೆ. ಕೂಸ್ತೊ ಆಕ್ಸಿಜನ್ ಸಹವಾಸ ಬಿಟ್ಟರು.

ಉಳಿದದ್ದು ಒತ್ತಿ ತುಂಬಿದ ಗಾಳಿ. ಇಲ್ಲಿ ಇನ್ನೊಂದು ತಪ್ಪುಕಲ್ಪನೆ ಇದೆ, ಕೂಸ್ತೊ ಶೂನ್ಯದಿಂದ ಸ್ಕೂಬಾ ಕಂಡುಹಿಡಿದರು ಎಂಬುದು. ಉಸಿರೆಳೆದಾಗ ಮಾತ್ರ ಗಾಳಿ ಬಿಡುವ ಕವಾಟವನ್ನು ರೂಕೆರಾಲ್ ಮತ್ತು ದೆನಾರೂಜ್ ಎಂಬ ಫ್ರೆಂಚರು 1860ರ ದಶಕದಲ್ಲೇ ಮಾಡಿದ್ದರು. ಆದರೆ ಆಗಿನ ಲೋಹದ ಡಬ್ಬಿ ಹೆಚ್ಚು ಒತ್ತಡ ತಡೆಯುತ್ತಿರಲಿಲ್ಲ. ಅದರಲ್ಲಿ ಹಿಡಿಯುವ ಗಾಳಿ ಸಾಲದೆ, ಮೇಲಿನಿಂದ ಪೈಪಿನಲ್ಲಿ ಗಾಳಿ ಕೊಡಬೇಕಾಗುತ್ತಿತ್ತು. 1930ರ ದಶಕದಲ್ಲಿ ಈವ್ ಲ ಪ್ರಿಯೂರ್ ಅಧಿಕ ಒತ್ತಡದ ಸಿಲಿಂಡರ್ ಬಳಸಿದರು, ಆದರೆ ಗಾಳಿ ಸುಮ್ಮನೆ ಹರಿದು ಹೋಗಿ ಬೇಗ ಖಾಲಿಯಾಗುತ್ತಿತ್ತು. ಒಬ್ಬರ ಬಳಿ ಕವಾಟ, ಇನ್ನೊಬ್ಬರ ಬಳಿ ಸಿಲಿಂಡರ್.

ಎರಡನ್ನೂ ಕೂಡಿಸುವ ಅವಕಾಶ ಬಂದದ್ದು ಹೆಂಡತಿ ಮನೆ ಕಡೆಯಿಂದ. ಕೂಸ್ತೊ ಪತ್ನಿ ಸಿಮೋನ್ ಅವರ ತಂದೆ ಏರ್ ಲಿಕ್ವಿಡ್ ಎಂಬ ಗ್ಯಾಸ್ ಕಂಪನಿಯಲ್ಲಿದ್ದರು. ಆ ಮೂಲಕ 1942ರ ಕೊನೆಗೆ ಎಂಜಿನಿಯರ್ ಎಮಿಲ್ ಗಾನ್ಯಾನ್ ಪರಿಚಯವಾಯಿತು. ಜರ್ಮನ್ ಆಕ್ರಮಣದ ಕಾಲ, ಪೆಟ್ರೋಲ್ ಇಲ್ಲ. ಕಾರುಗಳನ್ನು ಗ್ಯಾಸ್‌ನಿಂದ ಓಡಿಸಲು ಗಾನ್ಯಾನ್ ಒಂದು ಕವಾಟ ಮಾಡಿದ್ದರು. ಅದನ್ನೇ ಉಸಿರಾಟಕ್ಕೆ ಒಗ್ಗಿಸಿದರು. 1943ರ ಆರಂಭದಲ್ಲಿ ಮಾರ್ನ್ ನದಿಯಲ್ಲಿ ಪರೀಕ್ಷಿಸಿದಾಗ, ನೆಟ್ಟಗೆ ನಿಂತರೆ ಗಾಳಿ ವ್ಯರ್ಥವಾಗಿ ಹರಿಯುವುದು, ತಲೆಕೆಳಗಾದರೆ ಉಸಿರೇ ಸಿಗದಿರುವುದು! ಉಸಿರು ಹೊರಬಿಡುವ ದ್ವಾರವನ್ನು ಕವಾಟದ ಪಕ್ಕಕ್ಕೇ ತಂದ ಮೇಲೆ ಸರಿಹೋಯಿತು. ಅದೇ ವರ್ಷ ಬೇಸಿಗೆಯಲ್ಲಿ ಮೂರು ಸಿಲಿಂಡರ್ ಹೊತ್ತು ಬಾಂದೋಲ್ ಬಳಿ ಕೂಸ್ತೊ ಕಡಲಿಗಿಳಿದಾಗ, ಸಿಮೋನ್ ನೀರಿನ ಮೇಲೆ ತೇಲುತ್ತಾ ಗಂಡನ ಮೇಲೆ ಕಣ್ಣಿಟ್ಟಿದ್ದರು.

ಇಂದಿನ ಸಿಲಿಂಡರ್ ಆಯ್ಕೆಯೂ ಇದೇ ಲೆಕ್ಕದ ಮೇಲೆ ನಿಂತಿದೆ. ಹೆಚ್ಚಾಗಿ ಬಳಕೆಯಲ್ಲಿರುವ ಅಲ್ಯೂಮಿನಿಯಂ ಸಿಲಿಂಡರ್ ಒಳಗೆ ಸುಮಾರು 11 ಲೀಟರ್ ಜಾಗ. 207 ಬಾರ್ ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿ ತುಂಬುತ್ತದೆ. ಅಂದರೆ ಕಾರಿನ ಟೈರಿನ ಒತ್ತಡದ ಹತ್ತಿರ ಹತ್ತಿರ 100 ಪಟ್ಟು. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 20 ಮೀಟರ್ ಆಳದಲ್ಲಿ 60 ಲೀಟರ್ ಬೇಕು, ಹಾಗಾಗಿ ಅರ್ಧ ಗಂಟೆಯ ಮಾತು. ಗಾಳಿ ಖಾಲಿಯಾದಂತೆ ಅಲ್ಯೂಮಿನಿಯಂ ಸಿಲಿಂಡರ್ ತೇಲತೊಡಗುವುದರಿಂದ ಸೊಂಟಕ್ಕೆ ಹೆಚ್ಚು ಸೀಸ ಕಟ್ಟಿಕೊಳ್ಳಬೇಕು. ಉಕ್ಕಿನದು ಸಾಮಾನ್ಯವಾಗಿ ಖಾಲಿಯಾದರೂ ಮುಳುಗೇ ಇರುತ್ತದೆ, ಆದರೆ ತುಕ್ಕಿನ ಕಾಟ. 300 ಬಾರ್‌ನ ಸಿಲಿಂಡರ್ ಕೊಂಡರೆ ಅದಕ್ಕೆ ತಿರುಪಿನಂತೆ ಕೂರುವ ರೆಗ್ಯುಲೇಟರ್ ಬೇಕು, ಅಷ್ಟು ಒತ್ತಡಕ್ಕೆ ತುಂಬಿಕೊಡುವ ಜಾಗ ಹತ್ತಿರದಲ್ಲಿರಬೇಕು. ಇಲ್ಲದಿದ್ದರೆ ದೊಡ್ಡ ನಂಬರಿಗೆ ಕೊಟ್ಟ ದುಡ್ಡು ದಂಡ ಎಂಬುದು ನಮ್ಮ ಅಭಿಪ್ರಾಯ.

ಸಿಲಿಂಡರ್ ಎಷ್ಟೇ ಒಳ್ಳೆಯದಿರಲಿ, ಒಳಗೆ ಏನಿದೆ ಎಂಬ ಪ್ರಶ್ನೆ ಹೋಗುವುದಿಲ್ಲ. 1946ರಲ್ಲಿ ಕೂಸ್ತೊ ಮತ್ತು ಫ್ರೆಡರಿಕ್ ದ್ಯುಮಾ, ವೋಕ್ಲ್ಯೂಸ್ ಎಂಬಲ್ಲಿನ ಆಳವಾದ ಚಿಲುಮೆಯ ಗುಹೆಗೆ ಇಳಿದರು. ಕತ್ತಲ ನೀರಿನಲ್ಲಿ ಇಬ್ಬರಿಗೂ ಮಂಪರು ಕವಿಯಿತು, ದ್ಯುಮಾ ಪ್ರಜ್ಞೆ ತಪ್ಪುವಂತಾದರು. ಮೇಲೆ ಹಗ್ಗ ಹಿಡಿದಿದ್ದ ಮೊರಿಸ್ ಫಾರ್ಗ್ ಎಳೆದುಕೊಂಡದ್ದರಿಂದ ಬದುಕಿದರು. ಆಮೇಲೆ ಪರೀಕ್ಷಿಸಿದಾಗ ಗೊತ್ತಾದದ್ದು ಇಷ್ಟು: ಗಾಳಿ ತುಂಬುವ ಕಂಪ್ರೆಸರ್ ತನ್ನದೇ ಎಂಜಿನ್ ಹೊಗೆಯನ್ನು ಒಳಗೆಳೆದು ಸಿಲಿಂಡರ್‌ಗೆ ಕಾರ್ಬನ್ ಮಾನಾಕ್ಸೈಡ್ ಸೇರಿಸಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಡೈವಿಂಗ್‌ಗೆ ಹೋಗುವವರು ಕಂಪ್ರೆಸರ್ ಗಾಳಿ ಎಲ್ಲಿಂದ ಎಳೆಯುತ್ತದೆ, ಗಾಳಿಯ ಪರೀಕ್ಷೆ ಯಾವಾಗ ಆಗಿದೆ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಸಿಲಿಂಡರ್ ಕುತ್ತಿಗೆಯ ಬಳಿ ಒತ್ತಿದ ಪರೀಕ್ಷೆಯ ದಿನಾಂಕವನ್ನೂ ನೋಡಿ.

ಅಂದು ಅವರನ್ನು ಎಳೆದು ಉಳಿಸಿದ ಫಾರ್ಗ್ ಮರುವರ್ಷವೇ ತೀರಿಕೊಂಡರು. ಗಾಳಿಯೊಂದಿಗೆ ಎಷ್ಟು ಆಳ ಸಾಧ್ಯ ಎಂದು ನೋಡಲು 120 ಮೀಟರ್ ಇಳಿದಿದ್ದರು. ಅಲ್ಲಿದ್ದ ಹಲಗೆಯ ಮೇಲೆ ತಮ್ಮ ಗುರುತು ಬರೆದಿದ್ದರು. ಆದರೆ ಮೇಲೆಳೆದಾಗ ಬಾಯಿಯಿಂದ ನಳಿಕೆ ಕಳಚಿತ್ತು. ಅಷ್ಟು ಆಳದಲ್ಲಿ ಮಾಮೂಲಿ ಗಾಳಿಯ ನೈಟ್ರೋಜನ್ ಹೆಂಡದಂತೆ ಅಮಲೇರಿಸುತ್ತದೆ.

ಆ ನಂತರದ್ದು ಬಹುಮಂದಿಗೆ ಗೊತ್ತಿರುವ ಕೂಸ್ತೊ: 1950ರಿಂದ ಕ್ಯಾಲಿಪ್ಸೊ ಹಡಗು, 1956ರ ಸಾಕ್ಷ್ಯಚಿತ್ರಕ್ಕೆ ಕಾನ್ ಚಿತ್ರೋತ್ಸವದ ಪ್ರಶಸ್ತಿ ಮತ್ತು ಆಸ್ಕರ್, ಟಿವಿ ಸರಣಿಗಳು, ಕೆಂಪು ಟೊಪ್ಪಿಗೆ. ಆ ಚಿತ್ರದಲ್ಲಿ ಹವಳದ ದಿಬ್ಬಕ್ಕೆ ಡೈನಮೈಟ್ ಇಟ್ಟು ಮೀನು ಎಣಿಸುವ ದೃಶ್ಯವೂ ಇದೆ, ಈಗ ನೋಡಿದರೆ ಕಸಿವಿಸಿಯಾಗುತ್ತದೆ. ಕಡಲು ಉಳಿಸಿ ಎಂಬ ಹೋರಾಟಕ್ಕೆ ಅವರು ಪೂರ್ತಿ ಇಳಿದದ್ದು ಆಮೇಲೆ. 1979ರಲ್ಲಿ ಮಗ ಫಿಲಿಪ್ ವಿಮಾನ ಅಪಘಾತದಲ್ಲಿ ತೀರಿಕೊಂಡರು, 1990ರಲ್ಲಿ ಸಿಮೋನ್. ಕೂಸ್ತೊ 1997ರ ಜೂನ್ 25ರಂದು ಪ್ಯಾರಿಸ್‌ನಲ್ಲಿ ಕೊನೆಯುಸಿರೆಳೆದರು, 87ರ ವಯಸ್ಸಿನಲ್ಲಿ. ಸಮಾಧಿ ಇರುವುದು ಹುಟ್ಟೂರಿನಲ್ಲೇ.